ಬಿ ಸೈಡನ್ನೂ ಹಾಕಿಸಿ ಕೇಳಿ

ಜಕಾರ್ತಾದಲ್ಲಿ ಹಳೇ ಕ್ಯಾಸೆಟ್ ಬೇಕೆಂದರೆ ಬ್ಲಾಕ್ ಎಂ ಸ್ಕ್ವೇರ್‌ನ ನೆಲಮಾಳಿಗೆಗೆ ಇಳಿಯಬೇಕು. ಎಂಆರ್‌ಟಿ (ಮೆಟ್ರೋ) ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ಹಳೇ ಪುಸ್ತಕದವರ ಜೊತೆಗೇ ಕ್ಯಾಸೆಟ್, ಎಲ್‌ಪಿ ಮಾರುವವರೂ ಇದ್ದಾರೆ. ನಾನು ಮೂರು ಸಲ ಹೋದದ್ದು ಒಂದೇ ಅಂಗಡಿಗೆ. ಹೆಸರು ಹೇಳುವುದಿಲ್ಲ, ಮುಂದೆ ಬೈಯುವುದಿದೆ.

ಮಾಲೀಕರಿಗೆ ಅರವತ್ತು ದಾಟಿರಬೇಕು. ಎಲ್ಲರೂ 'ಪಾಕ್' ಅನ್ನುತ್ತಾರೆ, ನಮ್ಮ 'ಯಜಮಾನ್ರೇ' ಇದ್ದಂತೆ; ನಾನೂ ಹಾಗೇ ಕರೆದೆ. ಯಾವ ಕ್ಯಾಸೆಟ್ ಕೈಗೆತ್ತಿಕೊಂಡರೂ ಡೆಕ್ಕಿಗೆ ಹಾಕಿ ಕೇಳಿಸುತ್ತಾರೆ. ಕೊಳ್ಳದೆ ಹೊರಟರೂ ಮುಖ ಸಿಂಡರಿಸುವುದಿಲ್ಲ. ಇಲ್ಲಿನ ಹೆಸರಾಂತ ಗಾಯಕ ರೋಮಾ ಇರಾಮಾ ಅವರ ಸೊನೆಟಾ ತಂಡದ್ದೊಂದು ಹಾಕಿಸಿದೆ. ಮೇಲೆ ರಾಕ್ ಗಿಟಾರಿನ ಅಬ್ಬರ, ಕೆಳಗೆ ತಬಲಾದಂಥ ಪೆಟ್ಟು: ಡಾಂಗ್, ದುತ್. ಈ ಸಂಗೀತಕ್ಕೆ 'ಡಾಂಗ್‌ದುತ್' ಎಂಬ ಹೆಸರು ಬಂದದ್ದೇ ಆ ಸದ್ದಿನಿಂದ. ಕೊಳಲು ಸೇರಿದ ಮೇಲಂತೂ ಹಳೇ ಹಿಂದಿ ಸಿನಿಮಾ ಹಾಡೇ. ನಾನು ತಲೆದೂಗುವುದನ್ನು ನೋಡಿ ಪಾಕ್, "ನಿಮ್ಮ ಕಡೆಯದ್ದೇ ಅಲ್ವಾ!" ಅಂತ ನಕ್ಕರು.

ಆಮೇಲೆ ತಾವಾಗಿಯೇ ಕುಸ್ ಪ್ಲಸ್ ತೆಗೆದರು. 1965ರಲ್ಲಿ ಬೀಟಲ್ಸ್ ಥರ ಹಾಡಿದ್ದಕ್ಕೆ ಆಗಿನ ಅಧ್ಯಕ್ಷ ಸುಕರ್ಣೋ ಅವರ ಸರ್ಕಾರ ಜೈಲಿಗೆ ಹಾಕಿದ್ದ ಅಣ್ಣತಮ್ಮಂದಿರ ತಂಡ ಅದು. ಮುಂದೆ ಒಬ್ಬ ತಮ್ಮ ಬಿಟ್ಟು, ಹೊರಗಿನ ಡ್ರಮ್ಮರ್ ಬಂದದ್ದಕ್ಕೇ ಆ 'ಪ್ಲಸ್'. ಕತೆ ಕೇಳಿ ಕೊಳ್ಳದಿರಲು ಮನಸ್ಸಾಗಲಿಲ್ಲ.

ಈಗ ತಕರಾರು. ಯಾವುದಕ್ಕೂ ಬೆಲೆ ಬರೆದಿಲ್ಲ. ಪಾಕ್ 40 ಸಾವಿರ ರುಪಿಯಾ ಅಂದದ್ದಕ್ಕೆ, ಅವರು ಊಟಕ್ಕೆ ಹೋದಾಗ ಕೂರುವ ಹುಡುಗ 75 ಸಾವಿರ ಅಂದ. ಅದೂ ನನ್ನ ಮುಖ ನೋಡಿ, ಒಂದು ಕ್ಷಣ ಯೋಚಿಸಿ. ಕುಸ್ ಪ್ಲಸ್‌ನ ಎ ಸೈಡ್ ಅಂಗಡಿಯಲ್ಲಿ ಚೆನ್ನಾಗೇ ಹಾಡಿತ್ತು. ರೂಮಿಗೆ ಬಂದು ಬಿ ಸೈಡ್ ಹಾಕಿದರೆ ಎರಡನೇ ಹಾಡಿಗೇ ಟೇಪು ಸುತ್ತಿಕೊಂಡು, ಪೆನ್ಸಿಲ್ ತೂರಿಸಿ ಬಿಡಿಸುವಷ್ಟರಲ್ಲಿ ಸಾಕಾಯಿತು. ವಾಪಸ್ ಒಯ್ದಾಗ ದುಡ್ಡು ಕೊಡಲಿಲ್ಲ. ಗೊಣಗಿಕೊಂಡೇ ಬೇರೆ ಕ್ಯಾಸೆಟ್ ಕೊಟ್ಟರು.

ಕವರಿನ ಮೇಲೆ ಪುಟ್ಟ ತೆರಿಗೆ ಸ್ಟಿಕರ್, ಒಳಗಿನ ಮಡಿಕೆಯಲ್ಲಿ ಹಾಡಿನ ಸಾಹಿತ್ಯ ಇದ್ದರೆ ಅಸಲಿ ಎಂದುಕೊಂಡು ನಾನು ಹೆಚ್ಚು ಚೌಕಾಸಿ ಮಾಡುವುದಿಲ್ಲ. ಬರೀ ಜೆರಾಕ್ಸ್ ಕವರ್ ಕಂಡರೆ ಮುಟ್ಟುವುದೂ ಇಲ್ಲ. ಕ್ಯೂಆರ್ ಫಲಕ ತೂಗುಹಾಕಿದ್ದಾರೆ, ಆದರೆ ನನ್ನ ಫೋನಿನ ಆಪ್‌ನಿಂದ ದುಡ್ಡು ಹೋಗಲಿಲ್ಲ. ನೋಟು ಇಟ್ಟುಕೊಂಡು ಹೋಗಿ.

ಮೂರನೇ ಸಲ ನಾನು ಬಾಯಿ ತೆರೆಯುವ ಮೊದಲೇ ಪಾಕ್ ಕ್ಯಾಸೆಟ್ ತಿರುಗಿಸಿ ಬಿ ಸೈಡ್ ಹಾಕಿದರು. ಹುಡುಗ ಒಬ್ಬನೇ ಕೂತಿದ್ದರೆ ಮಾತ್ರ ಪುಸ್ತಕದ ಸಾಲಿನಲ್ಲೊಂದು ಸುತ್ತು ಹಾಕಿ ಬನ್ನಿ.