ಶುಲ್ಕವಿಲ್ಲದ ಶಿಬಿರ, ಜಾಹೀರಾತಿಲ್ಲದ ಪ್ರಚಾರ: ವಿಪಶ್ಯನೆಯ ಹತ್ತು ದಿನಗಳು

ಹತ್ತನೆಯ ದಿನ ಬೆಳಿಗ್ಗೆ ಮೌನ ಮುರಿದ ಮೇಲೆ ಊಟದ ಮನೆಯ ಪಕ್ಕದಲ್ಲಿ ಒಂದು ಮೇಜು ಹಾಕಿದ್ದರು. ಅದು ದಾನದ ಮೇಜು. ನನ್ನ ಮುಂದೆ ನಿಂತಿದ್ದ ಹಿರಿಯರೊಬ್ಬರು ಅಂಗಿಯ ಒಳಜೇಬಿನಿಂದ ಮಡಿಸಿದ ನೂರು ರೂಪಾಯಿಯ ನೋಟೊಂದನ್ನು ತೆಗೆದು ಕೊಟ್ಟರು. ನಾನು ಕೊಟ್ಟದ್ದು ಅದಕ್ಕಿಂತ ಹೆಚ್ಚು. ಸ್ವಯಂಸೇವಕರು ಇಬ್ಬರಿಗೂ ಒಂದೇ ಬಗೆಯಲ್ಲಿ ರಸೀದಿ ಬರೆದು, ಒಂದೇ ಬಗೆಯಲ್ಲಿ ಕೈಮುಗಿದರು. ಮೇಜಿನತ್ತ ಬಾರದೆ ಕೋಣೆಗೆ ಹೋದವರನ್ನು ಯಾರೂ ಕೂಗಿ ಕರೆಯಲಿಲ್ಲ. ಧ್ಯಾನ ಗುರು ಸತ್ಯನಾರಾಯಣ ಗೋಯಂಕಾ ಅವರ ಪರಂಪರೆಯ, ಮೌನದಲ್ಲಿ ಕುಳಿತು ಧ್ಯಾನ ಕಲಿಯುವ ವಿಪಶ್ಯನಾ ಶಿಬಿರದ ಬಗ್ಗೆ ಬರೆಯಬೇಕೆಂದು ನನಗೆ ಅನ್ನಿಸಿದ್ದು ಧ್ಯಾನದ ಯಾವುದೋ ಗಳಿಗೆಯಲ್ಲಲ್ಲ, ಆ ಮೇಜಿನ ಮುಂದೆ.

ಇಲ್ಲಿ ವಸತಿಗೂ ಊಟಕ್ಕೂ ಪಾಠಕ್ಕೂ ಶುಲ್ಕವಿಲ್ಲ. ಕನಿಷ್ಠ ಒಂದು ಶಿಬಿರವನ್ನಾದರೂ ಮುಗಿಸಿದವರಿಂದ ಮಾತ್ರ ಶಿಬಿರದ ಖರ್ಚಿಗೆ ದಾನ ಸ್ವೀಕರಿಸುತ್ತಾರೆ. ಅಂದರೆ ನಾನು ಉಂಡ ಅನ್ನದ ಖರ್ಚನ್ನು ನನಗಿಂತ ಮೊದಲು ಕುಳಿತು ಎದ್ದುಹೋದ ಯಾರೋ ಕೊಟ್ಟಿದ್ದಾರೆ, ನಾನು ಕೊಟ್ಟದ್ದು ಮುಂದೆ ಬರುವವರಿಗೆ ಸಲ್ಲುತ್ತದೆ. ಕಲಿಸುವ ಸಹಾಯಕ ಆಚಾರ್ಯರಿಗೆ ಸಂಬಳವಿಲ್ಲ, ಅಡುಗೆ ಮಾಡಿ ಬಡಿಸುವ ಧಮ್ಮ ಸೇವಕರೂ ಹಳೆಯ ಸಾಧಕರೇ. ಧ್ಯಾನ ಕಲಿಸುವ ಸಂಸ್ಥೆಯ ಬಗ್ಗೆ ನಮ್ಮ ಜನರಿಗೆ ಮೊದಲು ಹುಟ್ಟುವ ಅನುಮಾನ ದುಡ್ಡಿನದು. ಆ ಅನುಮಾನಕ್ಕೆ ಮಾತಿನಲ್ಲಿ ಉತ್ತರ ಕೊಡದೆ ವ್ಯವಸ್ಥೆಯಲ್ಲೇ ಉತ್ತರ ಕೊಟ್ಟಿರುವುದು ಈ ಚಳವಳಿಯ ದೊಡ್ಡ ಬಲವೆಂದು ನನ್ನ ನಂಬಿಕೆ.

ದಿನಚರಿ ಕಠಿಣವಾದದ್ದು. ಮೊದಲ ದಿನವೇ ಫೋನು, ಪುಸ್ತಕ, ಪೆನ್ನು ಎಲ್ಲವನ್ನೂ ಒಪ್ಪಿಸಬೇಕು. ಬೆಳಗಿನ 4 ಗಂಟೆಗೆ ಗಂಟೆ ಬಾರಿಸುತ್ತದೆ. ದಿನಕ್ಕೆ ಸುಮಾರು ಹತ್ತು ತಾಸು ಕೂರಬೇಕು. ಮೊದಲ ಮೂರು ದಿನ ಆನಾಪಾನ, ಅಂದರೆ ಮೂಗಿನ ಹೊಳ್ಳೆಗಳ ಬಳಿ ಉಸಿರು ಬಂದು ಹೋಗುವುದನ್ನು ಗಮನಿಸುವ ಅಭ್ಯಾಸ. ನಾಲ್ಕನೆಯ ದಿನ ವಿಪಶ್ಯನೆ, ನೆತ್ತಿಯಿಂದ ಅಂಗಾಲಿನವರೆಗೆ ಮೈಯ ಸಂವೇದನೆಗಳನ್ನು ಒಂದೊಂದಾಗಿ ನೋಡುವುದು. ಅಲ್ಲಿಂದ ಮುಂದೆ ದಿನಕ್ಕೆ ಮೂರು ಸಲ, ಒಂದೊಂದು ತಾಸು, ಕೈಕಾಲು ಅಲುಗಿಸದ ಅಧಿಷ್ಠಾನ. ಐದನೆಯ ದಿನ ಮಧ್ಯಾಹ್ನ ನನ್ನ ಬಲ ಮಂಡಿಯ ನೋವು ಕೆಂಡದಂತೆ ಉರಿದು, ಕಾಲು ಬಿಡಿಸಲೇಬೇಕೆನ್ನುವಷ್ಟರಲ್ಲಿ ತಾನಾಗಿ ಸಡಿಲಗೊಂಡು ಹರಡಿಹೋದದ್ದನ್ನು ಕಂಡೆ. ಅದೇನೂ ಪವಾಡವಲ್ಲ, ಆದರೆ ಅದನ್ನು ನಾನೇ ಕಂಡೆ. ರಾತ್ರಿ ಊಟವಿಲ್ಲ, ಹೊಸಬರಿಗೆ ಸಂಜೆ ಚಹಾ, ಒಂದು ಬಾಳೆಹಣ್ಣು, ಒಂದು ಹಿಡಿ ಕಡ್ಲೆಪುರಿ. ಆಮೇಲೆ ಗೋಯಂಕಾ ಅವರ ಪ್ರವಚನ, ನನಗೆ ಕನ್ನಡ ಅನುವಾದದ ಧ್ವನಿಮುದ್ರಣದಲ್ಲಿ.

ಗೋಯಂಕಾ ತೀರಿಕೊಂಡದ್ದು 2013ರಲ್ಲಿ. ಇಂದಿಗೂ ಪ್ರತಿ ಶಿಬಿರವನ್ನೂ ನಡೆಸುವುದು ಅವರ ಧ್ವನಿಯೇ. ಸಹಾಯಕ ಆಚಾರ್ಯರು ಸಾಧಕರ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ, ತಮ್ಮದೆಂದು ಹೊಸದನ್ನು ಸೇರಿಸುವುದಿಲ್ಲ. ಇದರಿಂದ ಪಾಠ ಎಲ್ಲ ಕಡೆಯೂ ಒಂದೇ ತೆರನಾಗಿ ಉಳಿದಿದೆ, ಅವರ ಪೀಠಕ್ಕೆ ಹೊಸ ಗುರುವೊಬ್ಬರು ಬಂದು ಕುಳಿತಿಲ್ಲ. ಅವರ ಬದುಕಿನ ಕಥೆಯೂ ನಂಬಿಕೆಗೆ ಒದಗಿಬಂದಿದೆ. ಬರ್ಮಾದ (ಇಂದಿನ ಮ್ಯಾನ್ಮಾರ್) ಮಂಡಾಲೆಯಲ್ಲಿ ಹುಟ್ಟಿದ ಮಾರವಾಡಿ ವ್ಯಾಪಾರಿ ಅವರು. ತಲೆಶೂಲೆಗೆ ಮಾರ್ಫಿನ್ ಚುಚ್ಚಿಸಿಕೊಳ್ಳುವ ಸ್ಥಿತಿಯಲ್ಲಿ 1955ರಲ್ಲಿ ರಂಗೂನಿನ ಸಯಾಜಿ ಊ ಬಾ ಖಿನ್ ಬಳಿಗೆ ಹೋದಾಗ, ಬರೀ ತಲೆನೋವಿನ ಶಮನಕ್ಕಾದರೆ ಕಲಿಸುವುದಿಲ್ಲವೆಂದು ಆ ಗುರು ಮೊದಲು ನಿರಾಕರಿಸಿದರಂತೆ. ಊ ಬಾ ಖಿನ್ ಸನ್ಯಾಸಿಯಲ್ಲ, ಸ್ವತಂತ್ರ ಬರ್ಮಾದ ಮೊದಲ ಮಹಾಲೇಖಪಾಲರು, ಅಂದರೆ ಸರ್ಕಾರಿ ಲೆಕ್ಕಪತ್ರದ ಹಿರಿಯ ಅಧಿಕಾರಿ. 1969ರಲ್ಲಿ ಭಾರತಕ್ಕೆ ಬಂದ ಗೋಯಂಕಾ 1976ರಲ್ಲಿ ಮಹಾರಾಷ್ಟ್ರದ ಇಗತ್ಪುರಿಯಲ್ಲಿ ಧಮ್ಮಗಿರಿ ಎಂಬ ಧ್ಯಾನಕೇಂದ್ರವನ್ನು ಕಟ್ಟಿ ನೆಲೆನಿಂತರು.

ಜಾಹೀರಾತಿಲ್ಲದಿದ್ದರೂ ಪ್ರಚಾರ ಇಲ್ಲವೆಂದಲ್ಲ. 1975ರಲ್ಲಿ ಜೈಪುರದ ಕೇಂದ್ರ ಕಾರಾಗೃಹದಲ್ಲಿ ಕೈದಿಗಳಿಗೆ ಶಿಬಿರ ನಡೆಯಿತು. 1994ರಲ್ಲಿ, ಕಿರಣ್ ಬೇಡಿ ಅವರು ದೆಹಲಿಯ ಕಾರಾಗೃಹಗಳ ಮುಖ್ಯಸ್ಥರಾಗಿದ್ದಾಗ, ತಿಹಾರ್ ಜೈಲಿನಲ್ಲಿ ಸಾವಿರಕ್ಕೂ ಹೆಚ್ಚು ಕೈದಿಗಳು ಒಟ್ಟಿಗೆ ಕುಳಿತರು. ಯಾವ ಫಲಕವೂ ಸಾರಲಾರದ್ದನ್ನು ತಿಹಾರ್ ಸಾರಿತು. ಮುಂಬೈ ಬಳಿಯ ಗೊರಾಯಿಯಲ್ಲಿ 2009ರಲ್ಲಿ ಉದ್ಘಾಟನೆಯಾದ ವಿಪಶ್ಯನಾ ಪಗೋಡದ (ಬೌದ್ಧ ಸ್ತೂಪದಂಥ ಕಟ್ಟಡ) ಕಂಬವಿಲ್ಲದ ಕಲ್ಲಿನ ಗುಮ್ಮಟದಡಿ ಸುಮಾರು 8000 ಜನ ಕೂರಬಹುದು. ವಿಜಯಪುರದ ಗೋಳಗುಮ್ಮಟದ ಕೆಳಗೆ ನಿಂತವರಿಗೆ ಅಂಥ ಕಟ್ಟಡ ಮನಸ್ಸಿನ ಮೇಲೆ ಏನು ಮಾಡುತ್ತದೆಂದು ಗೊತ್ತು. ಪ್ರವಾಸಿಗರನ್ನು ಸೆಳೆಯುವ ಆ ವೈಭವಕ್ಕೂ ಶಿಬಿರದ ಸರಳತೆಗೂ ಹೊಂದಿಕೆಯಿಲ್ಲವೆಂದು ನನಗೆ ತೋರುತ್ತದೆ.

ಇದನ್ನು ಮಹರ್ಷಿ ಮಹೇಶ್ ಯೋಗಿ ಅವರ ಭಾವಾತೀತ ಧ್ಯಾನದ ಜೊತೆ ಇಟ್ಟು ನೋಡಬೇಕು. ಅದು ಶುಲ್ಕ ಪಡೆದು ಮಂತ್ರ ಕೊಡುವ ಪದ್ಧತಿ. 1968ರಲ್ಲಿ ಬೀಟಲ್ಸ್ ತಂಡ ಋಷಿಕೇಶಕ್ಕೆ ಬಂದದ್ದರಿಂದ ಅದು ಜಗತ್ತಿಗೆಲ್ಲ ಪರಿಚಯವಾಯಿತು. 1970ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಸಂಶೋಧನಾ ಲೇಖನದಿಂದ ವಿಜ್ಞಾನದ ಮುದ್ರೆಯೂ ಸಿಕ್ಕಿತು. ಆದರೆ 1977ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಫೆಡರಲ್ ನ್ಯಾಯಾಲಯ, ಸರ್ಕಾರಿ ಶಾಲೆಗಳಲ್ಲಿ ಆ ಬೋಧನೆ ಧಾರ್ಮಿಕವಾದದ್ದೆಂದು ತೀರ್ಮಾನಿಸಿ ಅದನ್ನು ತಡೆಯಿತು. ಧರ್ಮವಲ್ಲ, ವಿಜ್ಞಾನ ಎಂಬ ಮಾತಿನ ಮೇಲೆ ನಿಂತವರಿಗೆ ಆ ಮಾತೇ ಕುತ್ತಿಗೆಗೆ ಬರಬಹುದೆಂಬುದಕ್ಕೆ ಇದು ಸಾಕ್ಷಿ.

ವಿಪಶ್ಯನೆಯವರ ಬಗ್ಗೆ ನನ್ನ ಆಕ್ಷೇಪವೂ ಇದೇ ಜಾಗದಲ್ಲಿದೆ. ಯಾವ ಮತಕ್ಕೂ ಸೇರದ ಶುದ್ಧ ವಿಜ್ಞಾನವಿದು ಎಂದು ಪ್ರವಚನದಲ್ಲಿ ಮತ್ತೆ ಮತ್ತೆ ಹೇಳುತ್ತಾರೆ. ಆದರೆ ಮೊದಲ ಸಂಜೆಯೇ ಬೌದ್ಧ ಗ್ರಂಥಗಳ ಭಾಷೆಯಾದ ಪಾಲಿಯಲ್ಲಿ ಬುದ್ಧ, ಧಮ್ಮ, ಸಂಘ ಎಂಬ ತ್ರಿರತ್ನಗಳಿಗೆ ಶರಣು ಹೇಳಿಸುತ್ತಾರೆ, ಮುಂದೆ ಪುನರ್ಜನ್ಮದ ಮಾತೂ ಬರುತ್ತದೆ. ಬುದ್ಧನ ದಾರಿಯಿದು ಎಂದು ನೇರವಾಗಿ ಹೇಳಿದ್ದರೆ ನನ್ನ ಗೌರವವೇನೂ ಕಡಿಮೆಯಾಗುತ್ತಿರಲಿಲ್ಲ. ಇನ್ನೊಂದು ವಿಷಯ ಇದಕ್ಕಿಂತ ಮುಖ್ಯವಾದದ್ದು. ತೀವ್ರವಾದ ಧ್ಯಾನದಿಂದ ಕೆಲವರಿಗೆ ಭಯ, ನಿದ್ರಾಹೀನತೆ, ತಾನು ಯಾರೆಂಬ ಅರಿವೇ ಕಲಕಿಹೋಗುವಂಥ ಅನುಭವಗಳಾಗಬಹುದೆಂದು ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಸಾಧಕರನ್ನೇ ಮಾತನಾಡಿಸಿ ದಾಖಲಿಸಿದ್ದಾರೆ. ಅರ್ಜಿಯಲ್ಲಿ ಮಾನಸಿಕ ಆರೋಗ್ಯದ ಪ್ರಶ್ನೆಗಳಿವೆ, ಗಂಭೀರ ಕಾಯಿಲೆಯುಳ್ಳವರಿಗೆ ಬೇಡವೆಂದೂ ಹೇಳುತ್ತಾರೆ; ಅಷ್ಟು ಸಾಲದು. ಆರೋಗ್ಯವಂತರಿಗೂ ಇಂಥದ್ದು ಆಗಬಹುದೆಂಬುದನ್ನು, ಆದಾಗ ಯಾರ ಬಳಿ ಹೋಗಬೇಕೆಂಬುದನ್ನು, ಮೌನ ಆರಂಭವಾಗುವ ಮುನ್ನ ಎಲ್ಲರ ಎದುರು ಬಿಡಿಸಿ ಹೇಳಬೇಕು.

ಹೋಗುವವರು ಅರ್ಜಿಯಲ್ಲಿ ಔಷಧಿಗಳ ವಿವರವನ್ನು ಮುಚ್ಚಿಡದೆ ಬರೆಯಲಿ, ಮನೆಯವರಿಗೆ ಕೇಂದ್ರದ ಕಚೇರಿಯ ಫೋನ್ ಸಂಖ್ಯೆ ಕೊಟ್ಟಿರಲಿ. ಮಂಡಿ ನೋವಿನವರು ಮೊದಲೇ ಕೇಳಿಕೊಂಡರೆ ಕುರ್ಚಿ ಕೊಡುತ್ತಾರೆ. ನಾನು ಮತ್ತೊಂದು ಶಿಬಿರಕ್ಕೆ ಹೆಸರು ಕೊಟ್ಟಿದ್ದೇನೆ. ಹಳೆಯ ಸಾಧಕರಿಗೆ ಸಂಜೆ ಕಡ್ಲೆಪುರಿ ಇಲ್ಲ, ಬರೀ ನಿಂಬೆಹಣ್ಣಿನ ನೀರು.