ದೇವರ ಗೂಡಿನಲ್ಲಿ ಪ್ರೋನೋಟು ಇಡಬೇಡಿ

ಕೈಸಾಲ ಕೊಟ್ಟು ವಸೂಲಿಯಾಗದೆ ಕುಳಿತವರು ಇದನ್ನು ಓದಿ. 2022ರ ಯುಗಾದಿ ಮುಗಿದ ವಾರ ದೂರದ ನೆಂಟನೊಬ್ಬನಿಗೆ ಎರಡು ಲಕ್ಷ ರೂಪಾಯಿ ಕೊಟ್ಟೆ. ಬ್ಯಾಂಕಿನ ಮೂಲಕವೇ ಕೊಟ್ಟೆ. ರೆವಿನ್ಯೂ ಸ್ಟಾಂಪಿನ ಮೇಲೆ ಸಹಿ ಹಾಕಿಸಿ ಆನ್ ಡಿಮ್ಯಾಂಡ್ ಪ್ರೋನೋಟನ್ನೂ, ಎಂದರೆ ಕೇಳಿದಾಗ ಹಣ ಕೊಡುತ್ತೇನೆಂಬ ಸಾಲಪತ್ರವನ್ನೂ, ಬರೆಸಿಕೊಂಡೆ. ಅಲ್ಲಿಯವರೆಗೆ ನಾನು ಬುದ್ಧಿವಂತನೇ.

ವರ್ಷ ಕಳೆದು ಕೇಳಿದರೆ, ದೇವಸ್ಥಾನದ ಜಗಲಿಯಲ್ಲಿ ನಾಲ್ಕು ಜನರ ಮುಂದೆ, ‘ಅದು ಅಡಿಕೆ ಲೆಕ್ಕದಲ್ಲಿ ಚುಕ್ತಾ ಆಯಿತಲ್ಲ ಭಾವ’ ಎಂದ. ನಗುತ್ತಲೇ ಎಂದ. ವಕೀಲರನ್ನು ಕಾಣಿ ಎಂದಳು ಹೆಂಡತಿ. ನನಗೆ ಕೋರ್ಟಿನ ತೀರ್ಪು ಸಾಲದಾಗಿತ್ತು. ‘ಮಾತು ಬಿಡ ಮಂಜುನಾಥ’ ಎಂಬುದನ್ನು ಕೇಳುತ್ತ ಬೆಳೆದವನು ನಾನು. ಅರಿಶಿನದ ಬಟ್ಟೆಯಲ್ಲಿ ನೂರಾ ಒಂದು ರೂಪಾಯಿ ಮುಡಿಪು ಕಟ್ಟಿ, ಪ್ರೋನೋಟನ್ನೂ ಅದರಡಿಗೇ ಇಟ್ಟು, ‘ನೀನೇ ವಸೂಲಿ ಮಾಡು’ ಎಂದು ಕೈಮುಗಿದೆ.

ಆಮೇಲಿನ ನನ್ನ ಕೆಲಸ ಕಾಯುವುದು. ಅವನ ತೋಟಕ್ಕೆ ಕೊಳೆರೋಗ ಬಂದಿತೆಂದು ಕೇಳಿದ ದಿನ ತುಪ್ಪದ ದೀಪ ಹಚ್ಚಿದೆ. ಆ ಮಳೆಗಾಲ ನನ್ನ ತೋಟಕ್ಕೂ ಕೊಳೆ ಬಂದಿತ್ತು. ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಅವನ ಮಗ ಬೈಕಿನಿಂದ ಬಿದ್ದು ಆಸ್ಪತ್ರೆ ಸೇರಿದ ಸುದ್ದಿಗೆ ನನ್ನ ಬಾಯಿಂದ ಮೊದಲು ಹೊರಟದ್ದು ‘ನೋಡಿದೆಯಾ?’ ಎಂಬ ಮಾತು. ಬಡಿಸುತ್ತಿದ್ದ ಹೆಂಡತಿ ಸೌಟನ್ನು ಪಾತ್ರೆಗೆ ಬಿಟ್ಟು ಒಳಗೆ ಹೋದಳು. ಆ ಹುಡುಗ ನನ್ನನ್ನು ಕಂಡಾಗಲೆಲ್ಲ ಕಾಲಿಗೆ ನಮಸ್ಕರಿಸುವವನು.

2025ರ ಶ್ರಾವಣದಲ್ಲಿ ಕೊನೆಗೂ ವಕೀಲರ ಮುಂದೆ ನೋಟು ಬಿಚ್ಚಿದೆ. ಅರಿಶಿನ ಮೆತ್ತಿದ ಆ ಕಾಗದದಲ್ಲಿ ಅವರು ಸಹಿ ನೋಡಲೇ ಇಲ್ಲ, ತಾರೀಖು ನೋಡಿದರು. 1963ರ ಕಾಲಮಿತಿ ಕಾಯಿದೆಯ ಪ್ರಕಾರ ಇಂಥ ನೋಟಿಗೆ ಬರೆದ ದಿನದಿಂದ ಮೂರು ವರ್ಷದೊಳಗೆ ದಾವೆ ಹೂಡಬೇಕು. ನನ್ನದು ಏಪ್ರಿಲ್‌ನಲ್ಲೇ ಮುಗಿದಿತ್ತು. ಅವಧಿಯೊಳಗೆ ‘ಸಾಲ ಬಾಕಿ ಇದೆ’ ಎಂದು ಅವನ ಸಹಿಯ ಒಂದು ಚೀಟಿ ಪಡೆದಿದ್ದರೂ ಆ ದಿನದಿಂದ ಮತ್ತೆ ಮೂರು ವರ್ಷ ಸಿಗುತ್ತಿತ್ತಂತೆ. ಬಾಯಿಮಾತು ನಡೆಯದು. ಚೆಕ್ ಪಡೆದವರಿಗೆ ಗಡುವು ಇನ್ನೂ ಬಿಗಿ: ಬೌನ್ಸ್ ಆದದ್ದು ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ನೋಟಿಸ್ ಕೊಡಬೇಕು.

ಹರಕೆ ಹೊರುವವರು ಹೊರಿ, ಬೇಡವೆನ್ನಲು ನಾನು ಯಾರು? ನೋಟನ್ನು ಮಾತ್ರ ಇವತ್ತೇ ತೆಗೆದು ತಾರೀಖು ನೋಡಿಕೊಳ್ಳಿ.

ಮೊನ್ನೆ ರಥೋತ್ಸವದಲ್ಲಿ ಅವನೇ ಪಾನಕ ಹಂಚುತ್ತಿದ್ದ. ಬಿಸಿಲು ಜೋರಿತ್ತು, ಎರಡು ಲೋಟ ಕುಡಿದೆ. ವಸೂಲಾದದ್ದು ಅಷ್ಟೇ.