ಚಳಿಗಾಲಕ್ಕೆ ಮುಂಚೆ ಎರಡೇ ಟೈರ್ ಬದಲಿಸಿದರೆ ಸಾಕಾ? ಮಿಶೆಲಿನ್ ಕ್ರಾಸ್‌ಕ್ಲೈಮೇಟ್ 2 ಜೊತೆ ಕೆಲವು ಚಳಿಗಾಲ

ಮೊದಲೇ ಹೇಳಿಬಿಡುತ್ತೇನೆ, ಎರಡೇ ಟೈರ್ ಹಾಕಿಸಿದ್ದು ನಮಗೆ ಸರಿಹೋಯಿತು. ಅದಕ್ಕೆ ಕಾರಣ ಇದೆ. ಹೊಸ ಜೋಡಿಯನ್ನು ಹಿಂದಿನ ಚಕ್ರಗಳಿಗೆ ಹಾಕಿಸಿದೆವು. ಉಳಿದ ಜೋಡಿಯೂ ಅದೇ ಕಂಪನಿಯ ಅದೇ ಮಾಡೆಲ್. ಅದರಲ್ಲಿ ಇನ್ನೂ ಸಾಕಷ್ಟು ಗ್ರಿಪ್ ಇತ್ತು. ಇವುಗಳಲ್ಲಿ ಒಂದು ಇಲ್ಲದಿದ್ದರೂ ನಾಲ್ಕೂ ಬದಲಿಸಿ ಎಂದೇ ಹೇಳುತ್ತಿದ್ದೆ.

ನಾವಿರುವುದು ಕೆನಡಾದ ಮಿಸಿಸಾಗಾದಲ್ಲಿ. ಗಾಡಿ ಟೊಯೋಟಾ ಕೊರೊಲಾ, ಫ್ರಂಟ್ ವ್ಹೀಲ್ ಡ್ರೈವ್. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಾಗಲೇ ನಾಲ್ಕೂ ಚಕ್ರಕ್ಕೆ ಕ್ರಾಸ್‌ಕ್ಲೈಮೇಟ್ 2 ಇದ್ದವು. ಇದು ವರ್ಷಪೂರ್ತಿ ಓಡಿಸುವ ಆಲ್ ವೆದರ್ ಟೈರ್. ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳಿನ ಗುರುತು ಇರುತ್ತದೆ. ಹಿಮದ ಮೇಲೆ ಪರೀಕ್ಷೆ ಮಾಡಿ ಪಾಸಾದ ಟೈರಿಗೆ ಮಾತ್ರ ಆ ಗುರುತು. ಬರೀ 'ಎಂ ಪ್ಲಸ್ ಎಸ್' (ಕೆಸರು ಮತ್ತು ಹಿಮ ಎಂಬುದರ ಇಂಗ್ಲಿಷ್ ಮೊದಲಕ್ಷರಗಳು) ಎಂದು ಬರೆದಿದ್ದರೆ ಅದನ್ನು ನಂಬಿಕೊಂಡು ಇಲ್ಲಿನ ಜನವರಿಗೆ ಇಳಿಯಬೇಡಿ.

ಚಳಿಗಾಲ ಶುರುವಾಗುವ ಮುಂಚೆ ಗೇಜ್ ಹಿಡಿದು ಅಳೆದೆ. ಹಿಂದಿನ ಟೈರುಗಳ ಮೇಲ್ಮೈಯಲ್ಲಿ 6 ಮಿಲಿಮೀಟರ್ ಆಳದ ತೋಡು ಉಳಿದಿತ್ತು. ಮುಂದಿನವುಗಳಲ್ಲಿ 4ಕ್ಕಿಂತ ಕಡಿಮೆ. ಫ್ರಂಟ್ ವ್ಹೀಲ್ ಡ್ರೈವ್ ಗಾಡಿಯಲ್ಲಿ ಇದು ಮಾಮೂಲಿ. ಎಳೆಯುವುದೂ ಮುಂದಿನ ಚಕ್ರ, ತಿರುಗುವುದೂ ಮುಂದಿನ ಚಕ್ರ, ಬ್ರೇಕ್ ಒತ್ತಿದಾಗ ಜಾಸ್ತಿ ಭಾರ ಬೀಳುವುದೂ ಅಲ್ಲೇ. ತೋಡಿನ ತಳದಲ್ಲಿ 1.6 ಮಿಲಿಮೀಟರ್ ಎತ್ತರದ ಸಣ್ಣ ಉಬ್ಬು ಕಾಣುತ್ತದೆ, ಅಲ್ಲಿಗೆ ಸವೆದರೆ ಟೈರಿನ ಆಯಸ್ಸು ಮುಗಿದಂತೆ. ಆದರೆ ಹಿಮಕ್ಕೆ ಆ ಲೆಕ್ಕ ಸಾಲದು. ತೋಡು 4 ಮಿಲಿಮೀಟರ್ ಹತ್ತಿರಕ್ಕೆ ಬಂದರೆ ಹಿಮದ ರಸ್ತೆಯಲ್ಲಿ ಬಳಸಬೇಡಿ ಎನ್ನುತ್ತದೆ ಇಲ್ಲಿನ ಸಾರಿಗೆ ಇಲಾಖೆ. ಹಾಗಾಗಿ ಮುಂದಿನ ಎರಡನ್ನು ತೆಗೆಯಲೇಬೇಕಿತ್ತು. ಇನ್ನೂ ಚೆನ್ನಾಗಿದ್ದ ಹಿಂದಿನ ಎರಡನ್ನು ಬಿಸಾಡಲು ಮನಸ್ಸು ಬರಲಿಲ್ಲ. ಒಂದು ಟೈರಿಗೆ ಇನ್ನೂರು ಡಾಲರಿನ ಆಸುಪಾಸು, ಫಿಟ್ಟಿಂಗ್ ಖರ್ಚು ಬೇರೆ.

ಟೈರ್ ಅಂಗಡಿಯಲ್ಲಿ ಹೊಸದನ್ನು ಮುಂದಕ್ಕೇ ಹಾಕುತ್ತೇವೆ ಎಂದು ಹಟ ಹಿಡಿದರು. ಎಂಜಿನ್ ಮುಂದಿದೆ, ಎಳೆತ ಮುಂದಿದೆ, ಹೊಸ ಟೈರ್ ಅಲ್ಲೇ ಬೇಕು ಅನ್ನುವುದು ಅವರ ವಾದ. ಊರಲ್ಲೂ ಹೀಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಕೇಳಲು ಸರಿ ಅನ್ನಿಸುತ್ತದೆ, ಅಲ್ವಾ? ಆದರೆ ಎರಡೇ ಹಾಕಿಸುವುದಾದರೆ ಹೊಸ ಜೋಡಿ ಹಿಂದಕ್ಕೆ ಹೋಗಬೇಕು ಎಂದು ಮಿಶೆಲಿನ್ ಕಂಪನಿಯೇ ಹೇಳುತ್ತದೆ. ಗಾಡಿ ಯಾವ ಡ್ರೈವ್ ಆದರೂ ಸರಿ.

ಯಾಕೆ ಎಂದು ಬಿಡಿಸಿ ಹೇಳುತ್ತೇನೆ, ಏಕೆಂದರೆ ಇದು ಜೀವದ ವಿಷಯ. ಹೈವೇ 401ರಿಂದ ಹುರೊಂಟಾರಿಯೊ ರಸ್ತೆಗೆ ಇಳಿಯುತ್ತಿದ್ದೀರಿ ಎಂದುಕೊಳ್ಳಿ. ರ‍್ಯಾಂಪ್ ತಿರುಗುತ್ತದೆ, ಮೇಲೆ ಅರ್ಧ ಕರಗಿದ ಹಿಮದ ಕೆಸರು. ವೇಗ ಜಾಸ್ತಿ ಅನ್ನಿಸಿ ಆಕ್ಸಿಲರೇಟರಿನಿಂದ ಕಾಲು ತೆಗೆಯುತ್ತೀರಿ. ತಕ್ಷಣ ಗಾಡಿಯ ಭಾರ ಮುಂದಕ್ಕೆ ವಾಲುತ್ತದೆ, ಹಿಂಭಾಗ ಹಗುರಾಗುತ್ತದೆ. ಆಗ ಮುಂದಿನ ಟೈರ್ ಜಾರಿದರೆ ಗಾಡಿ ತಿರುಗದೆ ನೇರಕ್ಕೆ ಎಳೆಯುತ್ತದೆ. ಸ್ಟೀರಿಂಗ್ ಸಡಿಲ ಅನ್ನಿಸುತ್ತದೆ, ನಿಮಗೆ ಗೊತ್ತಾಗುತ್ತದೆ, ವೇಗ ಇಳಿಯುತ್ತಾ ಬಂದ ಹಾಗೆ ಹಿಡಿತ ಸಿಗುತ್ತದೆ. ಹಿಂದಿನ ಟೈರ್ ಜಾರಿದರೆ ಮಾತ್ರ ಗಾಡಿಯ ಬಾಲ ಪಕ್ಕಕ್ಕೆ ಹೊರಟು ಗಾಡಿಯೇ ಗಿರ್ರನೆ ತಿರುಗುತ್ತದೆ. ಅದನ್ನು ಹಿಡಿದು ನಿಲ್ಲಿಸುವುದು ನಮ್ಮ ನಿಮ್ಮಂಥ ದಿನನಿತ್ಯದ ಡ್ರೈವರಿಗೆ ಆಗದ ಕೆಲಸ. ಈಗಿನ ಗಾಡಿಗಳಲ್ಲಿ ಜಾರುವ ಗಾಡಿಯನ್ನು ತಾನಾಗಿ ಹತೋಟಿಗೆ ತರಲು ನೋಡುವ ಸ್ಟೆಬಿಲಿಟಿ ಕಂಟ್ರೋಲ್ ಇದೆ ನಿಜ. ಅದೂ ಟೈರಿನಲ್ಲಿ ಇರುವ ಹಿಡಿತವನ್ನೇ ಬಳಸಬೇಕು, ಇಲ್ಲದ್ದನ್ನು ಎಲ್ಲಿಂದ ತರುತ್ತದೆ? ಮಳೆ ನೀರಿನ ಮೇಲೂ ಇದೇ ಕಥೆ. ಜುಲೈನಲ್ಲಿ ಶಿರಾಡಿ ಘಾಟ್ ಇಳಿಯುವವರೂ ಇದನ್ನು ನೆನಪಿಟ್ಟುಕೊಳ್ಳಿ.

ಕೊನೆಗೆ ಅಂಗಡಿಯವರು ಒಪ್ಪಿದರು. 6 ಮಿಲಿಮೀಟರಿನ ಹಳೆಯ ಜೋಡಿ ಮುಂದಕ್ಕೆ ಬಂತು, ಹೊಸದು ಹಿಂದೆ ಕೂತಿತು. ಇಲ್ಲಿ ಒಂದು ಸೂಕ್ಷ್ಮ ಇದೆ. ಈ ಟೈರಿನ ಮೇಲ್ಮೈ 'ವಿ' ಆಕಾರದಲ್ಲಿದೆ, ಒಂದೇ ದಿಕ್ಕಿಗೆ ಉರುಳಬೇಕು. ಪಕ್ಕದಲ್ಲಿ ಬಾಣದ ಗುರುತಿದೆ. ಎಡಗಡೆಯದು ಎಡಗಡೆಯೇ ಇರಬೇಕು, ಹಿಂದಿನಿಂದ ಮುಂದಕ್ಕೆ ಮಾತ್ರ ಬರಬಹುದು. ಅಂಗಡಿಯಿಂದ ಹೊರಡುವ ಮುಂಚೆ ನಾಲ್ಕೂ ಚಕ್ರದ ಬಾಣ ನೋಡಿಕೊಳ್ಳಿ. ಹಾಗೇ ಟೈರ್ ತಯಾರಾದ ದಿನಾಂಕವನ್ನೂ ನೋಡಿ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ 'ಡಾಟ್' ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಉಳಿದೆರಡು ವರ್ಷ. 3522 ಎಂದಿದ್ದರೆ 2022ರ 35ನೇ ವಾರ.

ಬಳಕೆ ಹೇಗಿದೆ? ಹೊಸದಾಗಿ ಬಿದ್ದ ಹಿಮದಲ್ಲಿ, ಕೆಸರಿನಲ್ಲಿ, ಮೈನಸ್ ಹದಿನೈದರ ಒಣ ರಸ್ತೆಯಲ್ಲಿ ನನಗೆ ಒಮ್ಮೆಯೂ ಭಯ ಆಗಲಿಲ್ಲ. ನಮ್ಮ ಬೀದಿಗೆ ಹಿಮ ತೆಗೆಯುವ ಗಾಡಿ ಬರುವುದು ತಡ. ಅಲ್ಲಿಯವರೆಗೂ ಕೊರೊಲಾ ಸಲೀಸಾಗಿ ಹೊರಬರುತ್ತದೆ. ಬಾಲ ಒಮ್ಮೆಯೂ ಅಲ್ಲಾಡಿಲ್ಲ, ನನಗೆ ಬೇಕಿದ್ದದ್ದೂ ಅದೇ. ಮಂಜುಗಡ್ಡೆ ಕಟ್ಟಿದ ರಸ್ತೆಯಲ್ಲಿ ಮಾತ್ರ ಅಪ್ಪಟ ವಿಂಟರ್ ಟೈರಿನ ಸಮ ಇದಲ್ಲ, ನಿಲ್ಲಲು ಜಾಗ ಜಾಸ್ತಿ ಬೇಕು. ಸವೆದ ಹಾಗೆ ಮುಂದಿನ ಜೋಡಿಯಿಂದ ಗುಂಯ್ ಅನ್ನುವ ಸದ್ದು ಬರತೊಡಗಿದೆ, ಹೈವೇಯಲ್ಲಿ ಕಿರಿಕಿರಿ ಆಗುತ್ತದೆ. ಚಳಿ ಬಿದ್ದಾಗ ಗಾಳಿ ಕೂಡ ಇಳಿಯುತ್ತದೆ, ಐದಾರು ಡಿಗ್ರಿಗೆ ಸುಮಾರು 1 ಪಿಎಸ್ಐ ಲೆಕ್ಕ. ಡ್ರೈವರ್ ಬಾಗಿಲ ಪಕ್ಕದ ಚೀಟಿಯಲ್ಲಿರುವಷ್ಟು ಗಾಳಿ ತುಂಬಿಸುತ್ತಿರಿ.

ರೊಟೇಷನ್, ಅಂದರೆ ಆಗಾಗ ಟೈರುಗಳನ್ನು ಹಿಂದೆ ಮುಂದೆ ಅದಲುಬದಲು ಮಾಡುವುದನ್ನು ನಿಲ್ಲಿಸಿದ್ದೇನೆ. ಮಾಡಿದರೆ ಸವೆದದ್ದು ಹಿಂದಕ್ಕೆ ಹೋಗುತ್ತದೆ. ಮುಂದಿನ ಜೋಡಿ ಮುಗಿದಾಗ ಹಿಂದಿನದು ಮುಂದಕ್ಕೆ, ಹೊಸ ಜೋಡಿ ಹಿಂದಕ್ಕೆ. ಅದೇ ಮಾಡೆಲ್ ಸಿಗುವವರೆಗೆ ಈ ಪದ್ಧತಿ ನಡೆಯುತ್ತದೆ.

ಯಾರಿಗೆ ಇದು ಬೇಡ? ನಾಲ್ಕೂ ಚಕ್ರ ಎಳೆಯುವ ಆಲ್ ವ್ಹೀಲ್ ಡ್ರೈವ್ ಇರುವವರು ಮೊದಲು ಮ್ಯಾನ್ಯುಯಲ್ ಓದಿ. ನಾಲ್ಕೂ ಚಕ್ರದ ಸುತ್ತಳತೆಯಲ್ಲಿ ವ್ಯತ್ಯಾಸ ಜಾಸ್ತಿಯಾದರೆ ಒಳಗಿನ ಗೇರುಗಳಿಗೆ ಪೆಟ್ಟು. ಸುಬಾರು ಗಾಡಿಗಳಿಗೆ ಕಾಲು ಇಂಚಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ನಾಲ್ಕೂ ಸಾಮಾನ್ಯ ಆಲ್ ಸೀಸನ್ (ಹಿಮದ ಹರಳಿನ ಗುರುತಿಲ್ಲದ ಮಾಮೂಲಿ ಟೈರ್, ಆಲ್ ವೆದರ್ ಅಲ್ಲ) ಇದ್ದು, ಅದಕ್ಕೆ ಎರಡು ವಿಂಟರ್ ಟೈರ್ ಸೇರಿಸೋಣ ಅನ್ನುವವರು ದಯವಿಟ್ಟು ಬೇಡ. 7 ಡಿಗ್ರಿಗಿಂತ ಕೆಳಗೆ ಆಲ್ ಸೀಸನ್ ರಬ್ಬರ್ ಗಡುಸಾಗುತ್ತದೆ. ಮುಂದೊಂದು ಹಿಡಿತ, ಹಿಂದೊಂದು ಹಿಡಿತ ಇರುವ ಗಾಡಿಯಲ್ಲಿ ಮಕ್ಕಳನ್ನು ಕೂರಿಸಬೇಡಿ. ಇಲ್ಲಿಂದ ಉತ್ತರಕ್ಕಿರುವ ಬ್ಯಾರಿ ಊರನ್ನು ದಾಟಿ ಇನ್ನೂ ಉತ್ತರಕ್ಕೆ ಓಡಾಡುವವರಿಗೂ ನಾಲ್ಕು ಅಪ್ಪಟ ವಿಂಟರ್ ಟೈರೇ ಸರಿ. ಪಕ್ಕದ ಕ್ವಿಬೆಕ್ ಪ್ರಾಂತ್ಯದಲ್ಲಿ ನೋಂದಣಿಯಾದ ಗಾಡಿಗೆ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಹಿಮದ ಹರಳಿನ ಗುರುತಿರುವ ಟೈರ್ ಕಾನೂನಿನ ಪ್ರಕಾರವೇ ಬೇಕು. ನಾವಿರುವ ಒಂಟಾರಿಯೊ ಪ್ರಾಂತ್ಯದಲ್ಲಿ ಕಡ್ಡಾಯ ಇಲ್ಲ, ಆದರೆ 2016ರಿಂದ ವಿಂಟರ್ ಟೈರಿಗೆ ಇನ್ಶೂರೆನ್ಸ್ ರಿಯಾಯಿತಿ ಕೊಡಲೇಬೇಕು. ಆಲ್ ವೆದರ್ ಟೈರನ್ನು ನಿಮ್ಮ ಕಂಪನಿ ಒಪ್ಪುತ್ತದಾ ಎಂದು ಕೇಳಿಕೊಳ್ಳಿ.

ಹಾಕಿಸುವುದಾದರೆ ಅಕ್ಟೋಬರ್‌ನಲ್ಲೇ ಫೋನ್ ಮಾಡಿ. ಮೊದಲ ಹಿಮ ಬಿದ್ದ ವಾರ ಯಾವ ಅಂಗಡಿಯಲ್ಲೂ ಜಾಗ ಸಿಗುವುದಿಲ್ಲ. ಅವಸರದಲ್ಲಿ ಸ್ಟಾಕ್‌ನಲ್ಲಿ ಇರುವ ಯಾವುದೋ ಮಾಡೆಲ್ ಕಟ್ಟಿಬಿಡುತ್ತಾರೆ.